ಸೂಜಿಗಣ್ಣಿನಷ್ಟು ದಾರಿ

ಆ ಬೆಳಗ್ಗೆ ಮಂಜು ಕಿಟಕಿಯ ಸರಳುಗಳವರೆಗೂ ಬಂದು ನಿಂತಿತ್ತು. ಎದುರಿನ ಮನೆಯ ನೀರಿನ ಟ್ಯಾಂಕು ಕಾಣುತ್ತಿರಲಿಲ್ಲ. ಕೆಳಗಿನ ಬೀದಿಯಲ್ಲಿ ಹಾಲಿನ ಸೈಕಲ್ಲು ಹೋದದ್ದು ಅದರ ಗಂಟೆಯಿಂದ ಮಾತ್ರ ತಿಳಿಯಿತು. ಗಾಳಿಯ ಸುಳಿವಿರಲಿಲ್ಲ. ಹಿಂದಿನ ಸಂಜೆ ತಂತಿಗೆ ಹಾಕಿದ್ದ ಮಗುವಿನ ಬಟ್ಟೆಗಳು ಒಣಗುವ ಬದಲು ಇನ್ನಷ್ಟು ನೆನೆದು ಜೋತುಬಿದ್ದಿದ್ದವು. ಲೋಕವನ್ನೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತಿದ್ದ ಆ ಹೊತ್ತಿನಲ್ಲಿ ಎಣ್ಣೆಯಣ್ಣ ಕಣ್ಣು ಬಿಟ್ಟ. ಬಿಟ್ಟವನು ಅಲ್ಲಾಡದೆ ಹಾಗೇ ಮಲಗಿದ. ಮಗುವಿನ ಸದ್ದು ಕೇಳಿಸುತ್ತಿರಲಿಲ್ಲ.

ಮೊಣಕೈ ಊರಿ ಎದ್ದು, ಮಲಗಿದ್ದ ಹೆಂಡತಿಯ ಮೇಲಿಂದ ಬಾಗಿ ಬುಟ್ಟಿಯೊಳಗೆ ನೋಡಿದ. ಬಟ್ಟೆ ಕಾರ್ಖಾನೆಯಿಂದ ಕೇಳಿ ತಂದ ಅಗಲವಾದ ಬೆತ್ತದ ಬುಟ್ಟಿ ಅದು. ಮೆತ್ತನೆಯ ತುಂಡುಬಟ್ಟೆಗಳನ್ನು ಹಾಸಿ ಅದನ್ನೇ ಮಗುವಿನ ಹಾಸಿಗೆ ಮಾಡಿದ್ದರು. ಮಗುವಿನ ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಮೂಗಿನ ಹತ್ತಿರ ಬೆರಳಿಟ್ಟ. ಬೆಚ್ಚಗಿನ ಉಸಿರು ತಾಗಿತು. ಆಮೇಲೆ, ಕೆಲಸದಲ್ಲಿ ಮಾಡುವ ಹಾಗೆಯೇ, ಕಣ್ಣು ಮುಚ್ಚಿ ಕಿವಿಯನ್ನು ಅದರ ಬಾಯಿಯ ಹತ್ತಿರ ತಂದ. ಶಿಳ್ಳೆ ಇರಲಿಲ್ಲ. ಇನ್ನೊಂದು ಉಸಿರಿಗೆ ಕಾದ. ಆಗಲೂ ಇರಲಿಲ್ಲ. ಎಣ್ಣೆಯಣ್ಣ ಎರಡೂ ಕೈ ಜೋಡಿಸಿ ಮುಖ ಮೇಲೆತ್ತಿದ. ಕೊಟ್ಟವನು ನೀನು, ನೆಟ್ಟಗೆ ಮಾಡಿದವನೂ ನೀನೇ ಎಂದು ತುಟಿ ಅಲ್ಲಾಡಿಸದೆ ಹೇಳಿಕೊಂಡ.

ಮಗುವನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಏಳು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಹುಟ್ಟಿದಾಗ ಅಪ್ಪನ ಅಂಗೈಯಿಂದ ಹೊರಗೆ ಉಳಿದದ್ದು ಬರೀ ಕಾಲು. ಉಸಿರಾಡುವ ಕೆಲಸವನ್ನು ಆ ಎಳೆಯ ಎದೆಗೆ ದೇವರು ಇನ್ನೂ ಕಲಿಸಿ ಮುಗಿಸಿರಲಿಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಬಾಯಿಯಿಂದ ಗಂಟಲಿಗಿಳಿಸಿದ ನಳಿಗೆಯ ಮೂಲಕ, ಯಂತ್ರವೊಂದು ವಾರಗಟ್ಟಲೆ ಅವಳ ಪರವಾಗಿ ಉಸಿರಾಡಿತು. ಕೊನೆಗೊಮ್ಮೆ ನಳಿಗೆ ತೆಗೆದು, ಮೈ ತುಂಬಿಸಿಕೊಂಡ ಮೇಲೆ ಮನೆಗೆ ಕಳಿಸಿದರು. ಮನೆಗೆ ಬಂದವಳು ಒಬ್ಬಳೇ ಬರಲಿಲ್ಲ, ಒಂದು ಸದ್ದನ್ನೂ ಕರೆದುಕೊಂಡು ಬಂದಳು. ಉಸಿರು ಒಳಗೆಳೆದುಕೊಂಡಾಗಲೆಲ್ಲ ಕೀಂ ಎಂದು ಸಣ್ಣ ಶಿಳ್ಳೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿಸಿಕೊಂಡು, ಹಕ್ಕಿ ಸಾಕಿದ್ದೀರಾ ಎಂದು ವಿಚಾರಿಸಿದ್ದರು. ಹೌದು, ಗುಬ್ಬಿ ಎಂದು ಎಣ್ಣೆಯಣ್ಣನ ಅತ್ತೆ ನಗುತ್ತಲೇ ಹೇಳಿ, ಒಳಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: ನಳಿಗೆ ಇದ್ದ ಜಾಗದಲ್ಲಿ ಗಂಟಲು ಕಿರಿದಾಗಿರಬಹುದು, ಇನ್ನಷ್ಟು ತೂಕ ಬರಲಿ, ಕ್ಯಾಮೆರಾ ಇಳಿಸಿ ನೋಡೋಣ, ಅಲ್ಲಿಯವರೆಗೆ ಸದ್ದು ಜಾಸ್ತಿಯಾದರೆ, ಇಲ್ಲವೇ ಮಗು ಉಸಿರಿಗೆ ಒದ್ದಾಡಿದರೆ ತಕ್ಷಣ ಬನ್ನಿ. ಪಕ್ಕದಲ್ಲಿದ್ದ ಸಿಸ್ಟರು ತನ್ನ ಕತ್ತಿನ ಬುಡದ ಗುಳಿಗೆ ಬೆರಳಿಟ್ಟು, ಇಲ್ಲಿ ನೋಡ್ತಿರಿ, ಪಕ್ಕೆ ನೋಡ್ತಿರಿ ಎಂದು ತೋರಿಸಿದ್ದಳು. ಎಣ್ಣೆಯಣ್ಣ ಡಾಕ್ಟರ ಮಾತಿನಲ್ಲಿ ಸದ್ದು ಎನ್ನುವುದನ್ನು ಹಿಡಿದುಕೊಂಡ. ಹೆಂಡತಿ ಸಿಸ್ಟರ ಬೆರಳನ್ನು ಹಿಡಿದುಕೊಂಡಳು. ಇಬ್ಬರೂ ತಂತಮ್ಮ ಪಾಲನ್ನು ತೆಗೆದುಕೊಂಡು ಮನೆಗೆ ಬಂದಿದ್ದರು.

ಅವನಿಗೆ ಆ ಹೆಸರು ಬಂದದ್ದೇ ಸದ್ದಿನ ದೆಸೆಯಿಂದ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ಕೂತು ಹೊಲಿಯುವ ಹೆಂಗಸರ ನಡುವೆ ಎಣ್ಣೆಯ ಡಬ್ಬಿ ಹಿಡಿದು ತಿರುಗುವ ಮೆಕ್ಯಾನಿಕ್ ಅವನು. ಕುಡಿಯುವ ಎಣ್ಣೆಯನ್ನು ಮೂಸಿಯೂ ನೋಡಿದವನಲ್ಲ. ಆದ್ದರಿಂದಲೇ ಆ ಹೆಸರಿಟ್ಟು ಕರೆಯುವುದು ಅವರಿಗೆಲ್ಲ ಮೋಜು. ಕೆಟ್ಟ ಮೆಷಿನನ್ನು ಅವನು ಮೊದಲು ಬಿಚ್ಚುತ್ತಿರಲಿಲ್ಲ. ಪೆಡಲ್ ಒತ್ತಿ ಎನ್ನುತ್ತಿದ್ದ, ಬಾಗಿ ಕಿವಿ ಕೊಡುತ್ತಿದ್ದ. ಕಿರುಗುಟ್ಟಿದರೆ ಎಲ್ಲಿ ಒಣಗಿದೆ, ಟಕಟಕ ಎಂದರೆ ಯಾವ ತಿರುಪು ಸಡಿಲ ಎಂದು ಗೊತ್ತಾಗುತ್ತಿತ್ತು. ಎರಡು ಹನಿ ಬಿಟ್ಟು, ಒಂದು ಸುತ್ತು ಬಿಗಿದು, ಸದ್ದು ನಿಂತರೆ ಮುಂದಿನ ಮೆಷಿನಿಗೆ. ಸದ್ದು ಹೋಯಿತೆಂದರೆ ರೋಗ ಹೋಯಿತು, ಅವನ ಲೆಕ್ಕದಲ್ಲಿ ಇದಕ್ಕೆ ಎರಡನೆಯ ಮಾತಿರಲಿಲ್ಲ. ಕಾಲರ್ ಹೊಲಿಯುವ ಸಾಲಿನಲ್ಲಿ ಒಬ್ಬಳ ಮೆಷಿನು ಮಾತ್ರ ವಾರಕ್ಕೆರಡು ಸಲ ಕಿರುಗುಟ್ಟುತ್ತಿತ್ತು. ಅದು ಮೆಷಿನಿನ ದೋಷವಲ್ಲ, ಆ ಹುಡುಗಿಯ ಕಾಲಿನದು ಎಂದು ಪಕ್ಕದವರು ಚುಡಾಯಿಸುತ್ತಿದ್ದರು. ಅವನನ್ನೇ ಮದುವೆಯಾದ ಮೇಲೂ ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಅಂಥ ಕಿವಿ, ಮನೆಗೆ ಬಂದ ಗುಬ್ಬಿಯ ಶಿಳ್ಳೆಯನ್ನು ದಿನದಿನವೂ ಅಳೆಯುತ್ತಿತ್ತು. ಇವತ್ತು ಸ್ವಲ್ಪ ಜಾಸ್ತಿ, ಇವತ್ತು ಕಮ್ಮಿ, ಬಲಗಡೆ ಮಲಗಿಸಿದರೆ ಕಮ್ಮಿ. ನೆಗಡಿಯಾಗಿ ಎರಡು ದಿನ ಶಿಳ್ಳೆ ಜೋರಾಗಿತ್ತು. ನಾಳೆಯೂ ಹೀಗೇ ಇದ್ದರೆ ಹೋಗೇಬಿಡೋಣ ಎಂದು ಹಿಂದಿನ ಸಂಜೆ ಮಾತಾಡಿಕೊಂಡು ಮಲಗಿದ್ದರು. ಬೆಳಗಾಗುವಷ್ಟರಲ್ಲಿ ಸದ್ದೇ ಇಲ್ಲ.

ಸ್ಟವ್ ಮುಂದೆ ಕೂತು ನೀರು ಕಾಯಿಸುತ್ತಿದ್ದ ಅತ್ತೆಯ ಹತ್ತಿರ ಹೋಗಿ ಪಿಸುಮಾತಿನಲ್ಲಿ ಹೇಳಿದ. ಅತ್ತೆ ಕೈ ಮುಗಿದರು. ಮಗಳನ್ನು ಎಬ್ಬಿಸಲೇ ಎಂದು ಕೇಳಿದರು. ಬೇಡ, ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿದೆ, ಮಲಗಲಿ ಎಂದ. ಕಾಫಿ ಕುಡಿದ. ಕೆಲಸಕ್ಕೆ ಹೊರಡಲು ಅಂಗಿ ಹಾಕಿಕೊಂಡ. ಮಂಜು ಕಿಟಕಿಯಿಂದ ಹಿಂದೆ ಸರಿಯಲೇ ಇಲ್ಲ.

ಹೆಂಡತಿ ತಾನಾಗಿಯೇ ಎದ್ದಳು. ಎದ್ದವಳು ಮೊದಲು ನೋಡಿದ್ದು ಬುಟ್ಟಿಯನ್ನು.

"ಏನ್ರೀ, ಯಾಕೋ ಸರಿ ಇಲ್ಲ."

"ಸರಿಯಾಗಿದೆ ಅಂತ್ಲೇ ಸುಮ್ನಿದ್ದಾಳೆ. ಕೇಳು, ಸದ್ದೇ ಇಲ್ಲ."

"ಗುಳಿ ನೋಡಿ. ಎಷ್ಟು ಒಳಗೆ ಹೋಗ್ತಿದೆ."

ಅವನು ಬಂದು ನೋಡಿದ. ಕತ್ತಿನ ಬುಡದಲ್ಲಿ ಬಟಾಣಿ ಹಿಡಿಸುವಷ್ಟು ಗುಳಿ, ಉಸಿರಿಗೊಮ್ಮೆ ಬೀಳುತ್ತಿತ್ತು. ಅದು ಮುಂಚಿನಿಂದಲೂ ಬೀಳುತ್ತಿತ್ತಲ್ಲ ಎಂದ. ಮತ್ತೆ ಕಿವಿಯಿಟ್ಟು ಆಲಿಸಿದ. ಕಾರ್ಖಾನೆಯಲ್ಲಿ ಈ ಮೆಷಿನು ಸರಿಹೋಯಿತು ಎಂದು ಅವನು ತಲೆಯಾಡಿಸಿದರೆ ಸೂಪರ್‌ವೈಸರ್ ಕೂಡ ಮತ್ತೊಮ್ಮೆ ನೋಡುತ್ತಿರಲಿಲ್ಲ. ಈಗಲೂ ಅವನು ಹಾಗೆಯೇ ತಲೆಯಾಡಿಸಿದ. ಅವಳು ಅವನ ಮುಖ ನೋಡಿದಳು, ಮಗುವಿನ ಕತ್ತು ನೋಡಿದಳು. ತನ್ನ ಕಣ್ಣಿಗಿಂತ ಗಂಡನ ಕಿವಿ ದೊಡ್ಡದೆಂದು ನಂಬಿ ಬದುಕಿದವಳು. ಕೂದಲು ಗಂಟು ಹಾಕಿಕೊಂಡು ಹಾಸಿಗೆ ಮಡಿಸತೊಡಗಿದಳು.

ಹಾಲು ಕುಡಿಸಲು ಎತ್ತಿಕೊಂಡಾಗ ಮಗು ಬಾಯಿ ತೆರೆಯಿತು, ಮೊಲೆ ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿಯಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿತು. ಅಂಗಿ ಸರಿಸಿ ನೋಡಿದರೆ ಪಕ್ಕೆಯ ಒಂದೊಂದು ಎಲುಬಿನ ನಡುವೆಯೂ ಚರ್ಮ ಒಳಗೆ ಹೀರಿಕೊಳ್ಳುತ್ತಿತ್ತು. ಹೊಟ್ಟೆ ಮೇಲೆದ್ದರೆ ಎದೆ ಕುಸಿಯುತ್ತಿತ್ತು, ಎರಡಕ್ಕೂ ಜಗಳ ಬಿದ್ದ ಹಾಗೆ. ತುಟಿ ಬಣ್ಣ ತಿರುಗಿತ್ತು. ಅವಳು ಕೂಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಸಹ ಮೆಟ್ಟದೆ ಮೆಟ್ಟಿಲಿಳಿದಳು. ಎಣ್ಣೆಯಣ್ಣ ಅರ್ಧ ಹಾಕಿದ ಗುಂಡಿಗಳಲ್ಲೇ ಹಿಂದೆ ಓಡಿದ.

ಆಟೋ ಸಿಕ್ಕಿತು. ದಾರಿ ಸಿಗಲಿಲ್ಲ. ಮುಖ್ಯರಸ್ತೆಯಲ್ಲಿ ಗಾಡಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, ಕೆಂಪು ದೀಪಗಳಷ್ಟೇ ಆಗಿ ನಿಂತಿದ್ದವು. ಮುಂದೆ ಏನಿದೆಯೋ ಕಾಣದೆ ಹೇಗೆ ನುಗ್ಗಲಿ ಎಂದ ಆಟೋದವನು. ಅವನೂ ಮಕ್ಕಳೊಂದಿಗನೇ ಇರಬೇಕು, ಹಿಂದೆ ತಿರುಗಿ ನೋಡಲು ಹೆದರುತ್ತಿದ್ದ. ಅವಳು ಮಗುವನ್ನು ನೆಟ್ಟಗೆ ಕೂರಿಸಿ, ಎರಡು ಬೆರಳಲ್ಲಿ ಗಲ್ಲ ಎತ್ತಿ ಹಿಡಿದು, ಕತ್ತಿನ ಗುಳಿಯಿಂದ ಕಣ್ಣು ಕೀಳದೆ ಕೂತಿದ್ದಳು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಜಾಗ ಜಾಸ್ತಿಯಾಗುತ್ತಿತ್ತು.

"ನಿಮ್ಮ ಕಿವಿ ನಂಬಿ ಕೆಟ್ಟೆ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ, ಅವನ ಕಡೆ ನೋಡಿಯೂ ಹೇಳಲಿಲ್ಲ.

ಅವನು ಆಟೋದಿಂದ ಇಳಿದ. ಮೊಬೈಲಿನ ದೀಪ ಹಚ್ಚಿ ಕೈಯೆತ್ತಿ ಹಿಡಿದು ಗಾಡಿಯ ಮುಂದೆ ನಡೆಯತೊಡಗಿದ. ನಡೆದು, ಆಮೇಲೆ ಓಡಿದ. ಲಾರಿಯ ಬೆನ್ನನ್ನು ಅಂಗೈಯಿಂದ ಬಡಿದ, ಕಾರಿನ ಕಿಟಕಿ ತಟ್ಟಿದ, ಸ್ಕೂಟರಿನವನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದ. ಮಗು ಇದೆ, ಉಸಿರಿಲ್ಲ, ಜಾಗ ಬಿಡಿ ಎಂದಷ್ಟೇ ಹೇಳುತ್ತಿದ್ದ. ದೇವರ ಹೆಸರು ಹೇಳಬೇಕೆಂದರೆ ನಾಲಗೆಗೆ ಬರಲಿಲ್ಲ. ಬೆಳಗ್ಗೆ ಅದೇ ದೇವರಿಗೆ ಕೈ ಮುಗಿದದ್ದು ಯಾವುದಕ್ಕೆ ಎಂಬುದು ಅವನಿಗೆ ಓಡುತ್ತಾ ಓಡುತ್ತಾ ಅರ್ಥವಾಗುತ್ತಿತ್ತು. ಹಿಂದೆ ಆಟೋದ ಮಬ್ಬು ದೀಪ ಅವನ ಬೆನ್ನನ್ನು ಹಿಡಿದುಕೊಂಡು ಬರುತ್ತಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡೇ ಒಳಗೆ ಓಡಿದರು. ಬಾಗಿಲು ಮುಚ್ಚಿತು. ಆ ಬಾಗಿಲ ಮುಂದೆ ಗಂಡ ಹೆಂಡತಿ ನಿಂತರು. ನೆಲದ ತಂಪು ಅವಳ ಬರಿಗಾಲಿನಿಂದ ಮೇಲೇರುತ್ತಿತ್ತು. ಅವನು ತನ್ನ ಚಪ್ಪಲಿ ಬಿಟ್ಟು ಕಾಲಿನಿಂದ ಅವಳ ಕಡೆ ತಳ್ಳಿದ. ಅವಳು ಮೆಟ್ಟಲಿಲ್ಲ.

ಗಂಟಲಿನ ಡಾಕ್ಟರು ಹೊರಗೆ ಬಂದಾಗ ಅವರ ಹಣೆಯ ಮೇಲೆ ಬೆವರಿತ್ತು. ಕೂದಲೆಳೆಯಂಥ ನಳಿಗೆಯೊಂದನ್ನು ಬಾಯಿಂದ ಹೇಗೋ ತೂರಿಸಿದ್ದೇವೆ, ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದರು. ಹಳೆಯ ನಳಿಗೆ ಉಜ್ಜಿದ ಜಾಗದಲ್ಲಿ ಗಾಯ ಮಾದು ದಪ್ಪಗಾಗಿದೆ, ಮೇಲೆ ನೆಗಡಿಗೆ ಊದಿಕೊಂಡಿದೆ, ಇರುವ ದಾರಿ ಸೂಜಿಗಣ್ಣಿನಷ್ಟು. ಕತ್ತಿನಲ್ಲಿ, ಆ ಅಡ್ಡಿಯ ಕೆಳಗೆ, ರಂಧ್ರ ಮಾಡಿ ಬೇರೆ ನಳಿಗೆ ಕೂರಿಸಬೇಕು. ಒಂದೆರಡು ವರ್ಷ ಅದರಲ್ಲೇ ಉಸಿರಾಡಬೇಕಾಗಬಹುದು.

"ಬೆಳಗ್ಗೆ ಸದ್ದು ನಿಂತೋಗಿತ್ತು ಸಾರ್," ಎಂದ ಎಣ್ಣೆಯಣ್ಣ. ಯಾಕೆ ಹೇಳಿದನೋ ಅವನಿಗೇ ತಿಳಿಯದು. "ವಾಸಿಯಾಯ್ತು ಅಂದ್ಕೊಂಡೆ."

ಡಾಕ್ಟರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸದ್ದು ಬರೋದಕ್ಕೂ ಗಾಳಿ ಬೇಕಲ್ಲಪ್ಪ," ಎಂದರು.

ಆಮೇಲೆ ಅವರು ಸಿಸ್ಟರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿಕೊಂಡದ್ದು ಇಬ್ಬರಿಗೂ ಕೇಳಿಸಿತು. ಅಷ್ಟು ಸಣ್ಣ ಅಳತೆಯ ಕತ್ತಿನ ನಳಿಗೆ ಉಗ್ರಾಣದಲ್ಲಿ ಮುಗಿದಿತ್ತು. ಇದ್ದವು ದೊಡ್ಡವು, ಈ ಕತ್ತಿಗೆ ಇಳಿಯುವಂಥವಲ್ಲ. ತರುವ ಗಾಡಿ ಮಂಜಿನಿಂದಾಗಿ ಹೆದ್ದಾರಿಯಲ್ಲೆಲ್ಲೋ ನಿಂತಿತ್ತು. ಬೇರೆ ಆಸ್ಪತ್ರೆಗಳಿಗೆ ಫೋನು ಮಾಡಿ ಆಗಿತ್ತು. ಸಿಸ್ಟರು, ಮಕ್ಕಳ ವಾರ್ಡಿನ ಕೊನೆಯ ಮಂಚದಲ್ಲಿ ಒಂದು ಇದೆ, ಆದರೆ ಅದು ನಮ್ಮದಲ್ಲ ಎಂದಳು.

ಕೊನೆಯ ಮಂಚ ತರಕಾರಿಯಮ್ಮನದು. ಎಣ್ಣೆಯಣ್ಣನಿಗೆ ಅವಳ ಪರಿಚಯವಿತ್ತು. ಗುಬ್ಬಿ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಇವರೆಲ್ಲ ಒಂದೇ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರು. ಅವಳ ಮಗನೂ ಅವಧಿಗೆ ಮುಂಚೆ ಹುಟ್ಟಿದವನೇ. ಎಂಟು ತಿಂಗಳಾದರೂ ಮೂರು ತಿಂಗಳವನಂತಿದ್ದ, ಕತ್ತಿನಲ್ಲಿ ನಳಿಗೆಯಿತ್ತು. ಅವಳ ಗಂಟಲೋ, ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಪಳಗಿದ್ದು. ಅವಳು ಗುಟ್ಟು ಹೇಳಿದರೂ ಮೂರು ಮಂಚಕ್ಕೆ ಕೇಳಿಸುತ್ತಿತ್ತು. ನನ್ನ ಮಗನ ಪಾಲಿನ ದನಿಯನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ ಎಂದು ತಾನೇ ನಗುತ್ತಿದ್ದಳು. ಒಂದು ದಿನ ಅವಳು, ಬನ್ನಿ ಯಜಮಾನ್ರೇ, ಇದನ್ನು ಹೇಗೆ ಸ್ವಚ್ಛ ಮಾಡೋದು ನೋಡಿಕೊಳ್ಳಿ, ಯಾವತ್ತಾದರೂ ಬೇಕಾಗಬಹುದು ಎಂದು ಕರೆದಿದ್ದಳು. ನಮ್ಮ ಮಗುವಿಗೆ ಅಂಥದ್ದೆಲ್ಲ ಬರಲ್ಲ ಎಂದು ಹೇಳಿ ಅವನು ಚಾಪೆಯನ್ನು ಎತ್ತಿ ಇನ್ನೊಂದು ಮೂಲೆಗೆ ಹಾಸಿಕೊಂಡಿದ್ದ. ಆ ಕೂಸಿನ ಮಗ್ಗುಲಲ್ಲಿ ಮಲಗಿದರೆ ಅದರ ಹಣೆಬರಹ ಅಂಟೀತು ಎಂಬ ಭಯ. ಮತ್ತೆ ಅವಳು ಕರೆಯಲಿಲ್ಲ.

ಈಗ ಆ ಕೂಸು ಕಫ ಕಟ್ಟಿ ಮತ್ತೆ ಆಸ್ಪತ್ರೆ ಸೇರಿತ್ತು. ನಳಿಗೆಯ ಮಕ್ಕಳ ಮಂಚಕ್ಕೆ ಒಂದು ನಿಯಮವಿದೆ. ಅದೇ ಅಳತೆಯ ಇನ್ನೊಂದು ನಳಿಗೆ, ಮೊಹರು ಒಡೆಯದ ಪೊಟ್ಟಣದಲ್ಲಿ, ಸದಾ ತಲೆದೆಸೆಗೆ ಕಟ್ಟಿರಬೇಕು. ಕತ್ತಿನಲ್ಲಿರುವುದು ಕಫದಿಂದ ಮುಚ್ಚಿಹೋದರೆ ಅದನ್ನು ಕಿತ್ತು ಇದನ್ನು ಹಾಕಲು ಸಿಗುವ ಹೊತ್ತು ಒಂದು ಪ್ರಾರ್ಥನೆಯಷ್ಟೂ ಉದ್ದವಿರುವುದಿಲ್ಲ. ಆ ಪೊಟ್ಟಣವನ್ನು ಕೇಳಲು ಅವರು ಹೋದರು. ಸಿಸ್ಟರು ಮುಂದೆ, ಅವನು ಹಿಂದೆ.

ಸಿಸ್ಟರು ವಿಷಯವನ್ನೆಲ್ಲ ಹೇಳಿದಳು. ಕೊಡಿ ಎಂದು ನಾನು ಹೇಳುವಂತಿಲ್ಲ, ಕೇಳುವುದಷ್ಟೇ ನನ್ನ ಕೆಲಸ ಎಂದೂ ಹೇಳಿದಳು. ತರಕಾರಿಯಮ್ಮ ಮಗನ ಕತ್ತಿನ ಪಟ್ಟಿ ಸರಿಪಡಿಸುತ್ತ ಕೇಳಿಸಿಕೊಂಡಳು. ಆಮೇಲೆ ಕಣ್ಣೆತ್ತಿ ಅವನನ್ನು ನೋಡಿದಳು.

"ಅಂಥದ್ದು ಬರಲ್ಲ ಅಂದಿದ್ರಿ."

"ಬಂತು ಅಕ್ಕ."

ಅವಳು ಸಿಸ್ಟರ ಕಡೆ ತಿರುಗಿ, ನನ್ನವನದು ಕಟ್ಟಿಕೊಂಡರೆ ಎಂದು ಕೇಳಿದಳು. ಸಿಸ್ಟರು ಸುಳ್ಳು ಹೇಳಲಿಲ್ಲ. ಇರುವುದನ್ನೇ ತೊಳೆದು ಹಾಕಲು ನೋಡುತ್ತೇವೆ, ಆಗದೆಯೂ ಹೋಗಬಹುದು ಎಂದಳು. ವಾರ್ಡಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯ ಆ ಹೆಂಗಸು ಆಗ ಎಷ್ಟೋ ಹೊತ್ತು ತುಟಿ ಪಿಟಕ್ಕೆನ್ನಲಿಲ್ಲ. ಎಣ್ಣೆಯಣ್ಣನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ಹಿಡಿದರೆ ಅವಳ ಕೂಸಿನ ಪ್ರಾಣ ಕೇಳಿದ ಹಾಗೆ, ಹಿಡಿಯದಿದ್ದರೆ ತನ್ನ ಕೂಸಿನದನ್ನು ಬಿಟ್ಟುಕೊಟ್ಟ ಹಾಗೆ. ಯಾವುದನ್ನೂ ಮಾಡಲಾಗದೆ ಮಂಚದ ಕಬ್ಬಿಣವನ್ನು ಹಿಡಿದುಕೊಂಡು ನಿಂತ.

ಅವಳು ಎದ್ದಳು. ತಲೆದೆಸೆಯ ಟೇಪನ್ನು ಉಗುರಿನಿಂದ ಬಿಡಿಸಿದಳು.

"ಇದು ದಾನ ಅಲ್ಲ, ಕೈಗಡ. ನಾನು ಮಾರ್ಕೆಟ್ಟಿನವಳು, ಕೊಟ್ಟದ್ದು ವಾಪಸ್ ಬೇಕು." ಪೊಟ್ಟಣವನ್ನು ಸಿಸ್ಟರ ಕೈಗಿತ್ತು ಅವನಿಗೆ ಹೇಳಿದಳು, "ಅದು ವಾಪಸ್ ಬರೋವರೆಗೆ ನೀವು ಇಲ್ಲಿ ಕೂತ್ಕೊಳ್ಳಿ. ನನಗಿರೋದು ಎರಡೇ ಕಣ್ಣು, ಅವೂ ಸೋತಿವೆ."

ಹೀಗೆ, ಮಹಡಿಯ ಮೇಲೆ ತನ್ನ ಮಗಳ ಕತ್ತಿಗೆ ಕತ್ತರಿ ಬೀಳುತ್ತಿದ್ದ ಹೊತ್ತಿನಲ್ಲಿ, ಎಣ್ಣೆಯಣ್ಣ ಇನ್ನೊಬ್ಬರ ಮಗನ ಕತ್ತು ಕಾಯುತ್ತ ಕೂತ. ಹೆಂಡತಿ ಮೇಲೆ ಬಾಗಿಲ ಮುಂದೆ ಒಬ್ಬಳೇ ಇದ್ದಳು. ಹೋಗಿ ಅವಳ ಪಕ್ಕದಲ್ಲಿ ನಿಲ್ಲಬೇಕೆಂದು ಅವನ ಕಾಲು ಎಳೆಯುತ್ತಿತ್ತು. ಆದರೆ ಅವಳ ಪಕ್ಕದಲ್ಲಿ ತನಗೆ ಜಾಗವಿದೆಯೇ ಎಂಬುದೂ ಅವನಿಗೆ ಖಾತ್ರಿಯಿರಲಿಲ್ಲ.

ಅಭ್ಯಾಸಬಲದಿಂದ ಅವನು ಕೂಸಿನ ಕಡೆ ಕಿವಿ ಬಾಗಿಸಿದ. ತರಕಾರಿಯಮ್ಮ ಅವನ ಗಲ್ಲ ಹಿಡಿದು ಮುಖವನ್ನು ನೆಟ್ಟಗೆ ತಿರುಗಿಸಿದಳು, ಚಿಕ್ಕ ಹುಡುಗನಿಗೆ ತಿರುಗಿಸುವ ಹಾಗೆ. ನೋಡಬೇಕು, ಕೇಳಬಾರದು ಎಂದಳು. ಮೂಗಿನ ಹೊಳ್ಳೆ ಅರಳಿದರೆ, ಪಕ್ಕೆ ಎಳೆದರೆ, ಹುಬ್ಬು ಗಂಟಾದರೆ. ಅವಳು ಹೇಳುತ್ತಿದ್ದ ಹಾಗೇ ಕೂಸಿನ ಹುಬ್ಬು ಗಂಟಾಯಿತು.

ಹೊಳ್ಳೆ ಅರಳಿತು. ಪಕ್ಕೆ ಎಳೆಯಿತು. ತರಕಾರಿಯಮ್ಮ ಕಫ ಎಳೆಯುವ ಯಂತ್ರದ ಗುಂಡಿ ಒತ್ತಿ, ದಾರದಂಥ ಕೊಳವೆಯನ್ನು ಕತ್ತಿನ ನಳಿಗೆಯೊಳಗೆ ಇಳಿಸಿದಳು. ಅದು ಅರ್ಧಕ್ಕೆ ತಡೆಯಿತು. ಮತ್ತೆ ಇಳಿಸಿದಳು, ಮತ್ತೆ ತಡೆಯಿತು. ಉಪ್ಪುನೀರಿನ ಎರಡು ಹನಿ ಬಿಟ್ಟಳು. ಅವಳ ಕಣ್ಣು ಒಮ್ಮೆ, ಒಂದೇ ಒಮ್ಮೆ, ತಲೆದೆಸೆಯ ಖಾಲಿ ಜಾಗಕ್ಕೆ ಹೋಗಿ ಬಂತು. ಅದನ್ನು ಅವನು ನೋಡಿದ. ಹೆಗಲು ಹಿಡ್ಕೊಳ್ಳಿ ಎಂದಳು, ಹಿಡಿದುಕೊಂಡ. ಅವನ ಹೆಬ್ಬೆರಳುಗಳ ಕೆಳಗೆ ಆ ಪುಟ್ಟ ಹೆಗಲುಗಳು ಹಕ್ಕಿಯ ರೆಕ್ಕೆಯ ಬುಡದಂತೆ ನಡುಗುತ್ತಿದ್ದವು. ಕೂಸು ಅಳುತ್ತಿತ್ತು. ಬಾಯಿ ಪೂರ್ತಿ ತೆರೆದಿತ್ತು, ನಾಲಗೆ ಅದುರುತ್ತಿತ್ತು, ಕಣ್ಣೀರು ಎರಡೂ ಕಿವಿಗಳ ಕಡೆ ಹರಿಯುತ್ತಿತ್ತು. ದನಿ ಮಾತ್ರ ಇರಲಿಲ್ಲ. ಅಷ್ಟು ದೊಡ್ಡ ಅಳು, ಒಂದು ಚೂರೂ ಸದ್ದಿಲ್ಲ. ಎಣ್ಣೆಯಣ್ಣನಿಗೆ ತನ್ನ ಕಿವಿಯೇ ಹೋಯಿತೇನೋ ಎನ್ನಿಸಿ ತಲೆ ಕೊಡವಿದ.

ಪ್ರಭುವೇ, ಇದನ್ನು ಉಳಿಸು ಎಂದು ಬೇಡಿಕೊಂಡ. ಬೇಡಿಕೊಳ್ಳುವಾಗ ತನ್ನ ಮಗಳ ನೆನಪು ಅವನಿಗಿರಲಿಲ್ಲ. ಅದು ನೆನಪಾದದ್ದು ಆಮೇಲೆ, ನೆನಪಾಗಿ ಬೆಚ್ಚಿಬಿದ್ದ.

ಮೂರನೆಯ ಸಲಕ್ಕೆ ಕೊಳವೆ ಒಳಗಿಳಿಯಿತು. ಯಂತ್ರ ಗೊಳಗೊಳ ಎಂದಿತು. ಹಳದಿ ಕಫದ ಮುದ್ದೆಯೊಂದು ಹೊರಬಂದು ಕೊಳವೆಯಲ್ಲಿ ಜಾರಿಹೋಯಿತು. ಕೂಸಿನ ಎದೆ ಉಬ್ಬಿತು. ಮುಖಕ್ಕೆ ಬಣ್ಣ ಬಂತು. ತರಕಾರಿಯಮ್ಮ ಕೊಳವೆಯನ್ನು ಇಟ್ಟು, ಕೈ ತೊಳೆದುಕೊಂಡು ಬಂದು, ನೆಲದ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ಇನ್ನೂ ಹೆಗಲು ಬಿಟ್ಟಿರಲಿಲ್ಲ. ಸಿಸ್ಟರು ಬಾಗಿಲಲ್ಲಿ ನಿಂತು ಅವನನ್ನು ಕರೆದದ್ದು ಎರಡನೆಯ ಸಲಕ್ಕೆ ಕೇಳಿಸಿತು. ಆಯ್ತು, ಉಸಿರಾಡ್ತಿದ್ದಾಳೆ ಎಂದಳು.

ಗುಬ್ಬಿಯ ಕತ್ತಿನಲ್ಲಿ ಈಗ ನಳಿಗೆ. ಸುತ್ತ ಬಿಳಿ ಪಟ್ಟಿ. ತುಟಿ ಕೆಂಪಾಗಿತ್ತು, ಹುಟ್ಟಿದಾಗಿನಿಂದ ಅಷ್ಟು ಕೆಂಪನ್ನು ಅವರು ಆ ತುಟಿಯಲ್ಲಿ ನೋಡಿರಲಿಲ್ಲ. ಕತ್ತಿನ ಗುಳಿ ಬೀಳುತ್ತಿರಲಿಲ್ಲ, ಆ ಜಾಗವೇ ಉಳಿದಿರಲಿಲ್ಲ. ಹೆಂಡತಿ ಮಂಚದ ಪಕ್ಕ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೊದಲ ವಾರ ಗಾಯ ಹಸಿಯಿರುತ್ತದೆ, ನಳಿಗೆ ಕದಲಬಾರದು, ಕಟ್ಟಿಕೊಳ್ಳಬಾರದು ಎಂದು ಡಾಕ್ಟರು ಎಚ್ಚರಿಸಿ ಹೋಗಿದ್ದರು. ಈ ಮಂಚದ ತಲೆದೆಸೆಯೂ ಖಾಲಿಯೇ.

ಅತ್ತೆ ಬಂದರು. ಅಳುವ ಮೊಮ್ಮಗಳನ್ನು ನೋಡಿ, ದನಿ ಎಲ್ಲಿ ಎಂದು ಮಗಳನ್ನು ಕೇಳಿದರು. ಅಳಿಯ ಹೊರಗೆ ಕರೆದುಕೊಂಡು ಹೋಗಿ, ಗಾಳಿಯೆಲ್ಲ ಕತ್ತಿನ ನಳಿಗೆಯಿಂದಲೇ ಹೊರಬೀಳುತ್ತೆ, ಅದಿರುವವರೆಗೆ ದನಿ ಬರಲ್ಲ ಎಂದು ತಿಳಿಸಿದ. ಅವರು ಕಂಬಕ್ಕೆ ಒರಗಿ ಕೇಳಿಸಿಕೊಂಡು, ಹೋಗಲಿ ಬಿಡಿ, ದೇವರಿಗೆ ಕಣ್ಣಿದೆಯಲ್ಲ, ಅವನು ನೋಡಿಯೇ ತಿಳ್ಕೋತಾನೆ ಎಂದರು.

ಹೆಂಡತಿ ಗಂಡನೊಂದಿಗೆ ಮಾತಾಡಲಿಲ್ಲ. ಅವನು ತಂದ ಚಹಾ ಕುಡಿದಳು, ಅವನ ಚಪ್ಪಲಿ ಮೆಟ್ಟಿಕೊಂಡಳು, ಮಾತು ಮಾತ್ರ ಇಲ್ಲ. ಮಂಜು ಮರುದಿನವೂ ಹರಿಯಲಿಲ್ಲ. ಗಾಡಿ ಬರಲಿಲ್ಲ. ಅವನು ಎರಡು ಮಂಚಗಳ ನಡುವೆ ಓಡಾಡಿಕೊಂಡಿದ್ದ. ಇಲ್ಲಿ ಸ್ವಲ್ಪ ಹೊತ್ತು ಮಗಳ ಕತ್ತು ನೋಡುವುದು, ಅಲ್ಲಿ ಸ್ವಲ್ಪ ಹೊತ್ತು ತರಕಾರಿಯಮ್ಮ ಕಣ್ಣು ಮುಚ್ಚಲಿ ಎಂದು ಅವಳ ಮಗನ ಕತ್ತು ನೋಡುವುದು. ಕೊಳವೆ ಇಳಿಸುವುದನ್ನು ಅವಳು ಕಲಿಸಿದಳು. ಮೆಷಿನಿಗೆ ದಾರ ಪೋಣಿಸಿದ ಕೈ ಅಲ್ಲವೇ, ಬೇಗ ಹಿಡಿಯುತ್ತೆ ಎಂದು ಹಾಸ್ಯವನ್ನೂ ಮಾಡಿದಳು. ಅವನು ಬಂದು ಅದನ್ನು ಹೆಂಡತಿಗೆ ತೋರಿಸಿಕೊಟ್ಟ. ಅವಳು ನೋಡಿದಳು, ಕೈ ತೊಳೆದು ಬಂದಳು, ಅವನಿಗಿಂತ ಚೆನ್ನಾಗಿ ಮಾಡಿದಳು.

ಮೂರನೆಯ ದಿನ ಮಧ್ಯಾಹ್ನ, ಬಿಸಿಲು ಬಂದ ಮೇಲೆ, ಸಿಸ್ಟರು ಪೊಟ್ಟಣವೊಂದನ್ನು ತಂದು ಅವನ ಕೈಗಿಟ್ಟಳು. ಈ ಅಳತೆಯದು ಒಂದೇ ಬಂದಿದೆ ಎಂದಳು. ಇನ್ನೊಂದು ನಾಳೆ ಬರಬಹುದು, ನಾಡಿದ್ದೂ ಆಗಬಹುದು. ನಿಮ್ಮ ನಿಮ್ಮೊಳಗಿನ ಮಾತು, ನೀವೇ ನೋಡಿಕೊಳ್ಳಿ ಎಂದು ಹೇಳಿ ಇನ್ನೊಂದು ಮಂಚದ ಕಡೆ ಹೋದಳು.

ಅವನು ಅದನ್ನು ಹಿಡಿದುಕೊಂಡು ನಿಂತ. ಪೊಟ್ಟಣಕ್ಕೆ ತೂಕವೇ ಇರಲಿಲ್ಲ. ಮಗಳ ತಲೆದೆಸೆಯ ಕಬ್ಬಿಣ ಅವನ ಕೈಗೆಟುಕುವಷ್ಟು ಹತ್ತಿರವಿತ್ತು. ಟೇಪು ಮೇಜಿನ ಮೇಲೇ ಇತ್ತು. ಒಂದೇ ದಿನದ ಮಾತು. ಅವಳ ಮಗನಿಗೆ ಕಫ ಕಡಿಮೆಯಾಗಿದೆ, ಇವಳ ಗಾಯ ಇನ್ನೂ ಹಸಿ. ಯಾರನ್ನು ಕೇಳಿದರೂ ತಪ್ಪೆನ್ನುವುದಿಲ್ಲ. ಅವಳೇ ತಪ್ಪೆನ್ನಲಾರಳು. ಅವನ ಬೆರಳುಗಳು ಪೊಟ್ಟಣದ ಅಂಚನ್ನು ಮಡಿಸುತ್ತಿದ್ದವು, ಬಿಡಿಸುತ್ತಿದ್ದವು.

"ಅದು ಆ ಅಕ್ಕಂದಾ?" ಎಂದಳು ಹೆಂಡತಿ.

ಆಟೋದಲ್ಲಿ ಆಡಿದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು. ಅವನು ಹೌದೆಂದ.

"ನಮ್ಮದು?"

"ನಾಳೆ, ನಾಡಿದ್ದು ಅಂತಾರೆ."

ಅವಳು ಮಗುವಿನ ಎದೆಯನ್ನೇ ನೋಡುತ್ತಿದ್ದಳು. ಅದು ಏರಿತು, ಇಳಿಯಿತು, ಏರಿತು. ಅವಳ ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಕೊಟ್ಟು ಬನ್ನಿ. ನಾನು ನೋಡ್ತಿರ್ತೀನಿ."

ಅವನು ವಾರ್ಡಿನ ಕೊನೆಯವರೆಗೆ ನಡೆದ. ತರಕಾರಿಯಮ್ಮ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಮಗನ ಉಗುರು ಕತ್ತರಿಸುತ್ತಿದ್ದಳು. ಅವನು ಪೊಟ್ಟಣವನ್ನು ಮುಂದೆ ಹಿಡಿದ. ಅವಳು ಕತ್ತರಿ ಕೆಳಗಿಟ್ಟು, ಕೈಗಳನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆಳಕಿಗೆ ತಿರುಗಿಸಿ ಅದರ ಮೇಲಿನ ಅಂಕಿ ನೋಡಿದಳು. ಅವನ ಹಿಂದೆ, ದೂರದ ಇನ್ನೊಂದು ಮಂಚದ ಕಡೆಯೂ ಒಮ್ಮೆ ನೋಡಿದಳು. ಆಮೇಲೆ ಟೇಪಿನ ತುದಿಯನ್ನು ಹಲ್ಲಿನಿಂದ ಹರಿದು ಅವನಿಗೆ ಹಿಡಿದುಕೊಳ್ಳಲು ಕೊಟ್ಟು, ಪೊಟ್ಟಣವನ್ನು ಮಗನ ತಲೆದೆಸೆಗೆ ಕಟ್ಟತೊಡಗಿದಳು.